ಬಿಸಿಯೂಟ ಸುಧಾರಿಸೋ ಕೆಲಸದಲ್ಲಿ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳೋದು?

ಪ್ರಶ್ನೆ: ಹಾವೇರಿ ಕಡೆಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದರಿಂದ ಏಳನೇ ತರಗತಿವರೆಗಿನ ಸರ್ಕಾರಿ ಶಾಲೆ. ನೂರರ ಆಸುಪಾಸು ಮಕ್ಕಳು. ಈ ವರ್ಷ ಬಿಸಿಯೂಟದ ಉಸ್ತುವಾರಿ ನನಗೆ ಬಂದಿದೆ. ಊಟ ಕೆಟ್ಟದಾಗಿಲ್ಲ, ಬಡಿಸೋ ಮುಂಚೆ ನಾನೇ ರುಚಿ ನೋಡುತ್ತೇನೆ. ಆದರೂ ಸಾಂಬಾರಿನ ತರಕಾರಿ ತಟ್ಟೆಯಲ್ಲೇ ಉಳಿಯುತ್ತದೆ. ಅನ್ನವನ್ನೂ ಚೆಲ್ಲುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಶಾಲಾ ಸಂಸತ್ತಿನಲ್ಲಿ ಆಹಾರ ಮಂತ್ರಿ ಇದ್ದಾಳೆ, ಆರನೇ ತರಗತಿ ಹುಡುಗಿ, ಚುರುಕು. ಅವಳಿಗೆ ಈಗ ಇರೋ ಕೆಲಸ ಸಾಲು ನಿಲ್ಲಿಸೋದು ಮಾತ್ರ. ಅವಳಿಗೂ ಉಳಿದ ಮಕ್ಕಳಿಗೂ ನಿಜವಾದ ಕೆಲಸ ಕೊಡಬೇಕು ಅಂತ ಆಸೆ. ಆದರೆ ಅಡುಗೆ ಅಕ್ಕಂದಿರಿಗೆ ಬೇಜಾರಾಗಬಾರದು. ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ.

ಉತ್ತರ: ತುಮಕೂರು ಜಿಲ್ಲೆಯ ಶಿಕ್ಷಕಿ

ಸರ್, ಮಕ್ಕಳನ್ನು ಅಡುಗೆ ಕೋಣೆಗೆ ಕಳಿಸಬೇಡಿ. ತಟ್ಟೆ ತೊಳೆಯೋ ನಲ್ಲಿ ಹತ್ತಿರ, ಚೆಲ್ಲೋ ಬಕೆಟ್ ಪಕ್ಕ ನಿಲ್ಲಿಸಿ. ನಮ್ಮ ಶಾಲೆಯಲ್ಲಿ ಶುರುವಾಗಿದ್ದು ಅಲ್ಲಿಂದಲೇ. ದಿನಾ ಇಬ್ಬರು ಮಕ್ಕಳು, ಒಂದು ನೋಟ್‌ಬುಕ್. ಇವತ್ತು ಯಾವ ತರಕಾರಿ, ಎಷ್ಟು ಉಳಿಯಿತು, ಯಾವ ತರಗತಿಯವರು ಜಾಸ್ತಿ ಬಿಟ್ಟರು, ಇಷ್ಟೇ ಬರೆಯೋದು. "ಯಾಕೆ ಬಿಟ್ಟೆ" ಅಂತ ಜೋರು ಮಾಡೋ ಹಾಗಿಲ್ಲ, ಮೆಲ್ಲಗೆ ಕೇಳಬೇಕು.

ನೋಟ್‌ಬುಕ್ ತೆರೆದು ನೋಡಿದಾಗ ನಮಗೇ ಆಶ್ಚರ್ಯ. ಸೋರೆಕಾಯಿ, ಸೀಮೆಬದನೆ ಮಕ್ಕಳಿಗೆ ಸೇರೋದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದೆವು. ಮಕ್ಕಳು ಬರೆದಿದ್ದು ಬೇರೆ: "ದೊಡ್ಡ ಹೋಳು ಬಿಟ್ಟರು, ಸಣ್ಣದು ತಿಂದರು." ಅದೇ ಕ್ಯಾರೆಟ್ ತುರಿದು ಹಾಕಿದ ದಿನ ಬಕೆಟ್‌ನಲ್ಲಿ ಹುಡುಕಿದರೂ ಕಾಣಲಿಲ್ಲ. ಅನ್ನ ಚೆಲ್ಲುತ್ತಿದ್ದವರು ಹೆಚ್ಚಿನಂಶ ಒಂದನೇ, ಎರಡನೇ ತರಗತಿಯವರು. ಏಳನೇ ತರಗತಿ ಹುಡುಗನಿಗೂ ಪುಟ್ಟ ಮಗುವಿಗೂ ಒಂದೇ ಸೌಟಿನ ಅಳತೆ ಆಗುತ್ತಿತ್ತು. ಈಗ ಚಿಕ್ಕವರಿಗೆ ಮೊದಲು ಅರ್ಧ, ಆಮೇಲೆ ಕೇಳಿ ಕೇಳಿ ಬಡಿಸುತ್ತಾರೆ.

ಇನ್ನೊಂದು ವಿಷಯ. ಕೆಲವು ಮಕ್ಕಳು ಅನ್ನದಲ್ಲಿ ಬೇರೆ ಥರ ಕಾಣೋ ಅಗುಳನ್ನು ಆರಿಸಿ ಆರಿಸಿ ಎಸೆಯುತ್ತಿದ್ದರು. ಮನೆಯಲ್ಲಿ ಯಾರೋ "ಪ್ಲಾಸ್ಟಿಕ್ ಅಕ್ಕಿ" ಅಂದಿದ್ದಾರೆ. ಅದು ಸಾರವರ್ಧಿತ ಅಕ್ಕಿ ಸರ್. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರ ಕೊಟ್ಟು, ಮಾಮೂಲಿ ಅಕ್ಕಿಗೆ ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಮಕ್ಕಳಿಗೆ ಮುಖ್ಯವಾಗಿ ಬೇಕಾದದ್ದನ್ನೇ ಅವರು ಎಸೆಯುತ್ತಿದ್ದರು! ನಾನು ಹೇಳಿದರೆ ನಂಬುತ್ತಿದ್ದರೋ ಇಲ್ಲವೋ. ಏಳನೇ ತರಗತಿಯವರು ಆ ಕಾಳುಗಳನ್ನೇ ಒಂದು ಚಮಚ ಆರಿಸಿ ಕೊಟ್ಟರು, ಅಡುಗೆಯವರು ಬೇಯಿಸಿದರು. ಬೆರಳಲ್ಲಿ ಹಿಸುಕಿದರೆ ಅನ್ನದ ಹಾಗೇ ಮೆತ್ತಗೆ ಹಿಟ್ಟಾಯಿತು. ಆ ಮಕ್ಕಳೇ ತರಗತಿ ತರಗತಿಗೆ ಹೋಗಿ ತೋರಿಸಿ ಬಂದರು. ನನಗೆ ತುಂಬಾ ಖುಷಿ ಕೊಟ್ಟ ದಿನ ಅದು.

ಲೆಕ್ಕದ ಪಾಠವೂ ಇಲ್ಲೇ ಇದೆ. ಐದನೇ ತರಗತಿವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75. ನಿಮ್ಮಲ್ಲಿ ಚಿಕ್ಕವರು 60, ದೊಡ್ಡವರು 40 ಅಂದುಕೊಳ್ಳಿ. ಇವತ್ತು ಬೇಳೆ ಎಷ್ಟು ಬೇಕು? 2 ಕೆಜಿ 400 ಗ್ರಾಂ. ಹಾಜರಿ ನೋಡಿ ಬೋರ್ಡ್ ಮೇಲೆ ಬರೆಯೋದು ಆಹಾರ ಮಂತ್ರಿ ಕೆಲಸವಾಗಲಿ.

ಒಂದು ಮಾತ್ರ ಕಟ್ಟುನಿಟ್ಟು. ಒಲೆ ಹತ್ತಿರ, ಬಿಸಿ ಪಾತ್ರೆ ಹತ್ತಿರ ಯಾವ ಮಗುವೂ ಹೋಗಬಾರದು. ಪಾತ್ರೆ ಹೊರಿಸಲೂಬಾರದು. 2023ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಿಸಿ ಸಾಂಬಾರಿಗೆ ಬಿದ್ದ ಹುಡುಗಿ ತೀರಿಕೊಂಡಳು. ಅದನ್ನು ನಾವ್ಯಾರೂ ಮರೆಯಬಾರದು.

ಉತ್ತರ: ಬಿಸಿಯೂಟದ ಅಡುಗೆಯವರ ಮಗಳು

ಮೇಡಂ, ನೋಟ್‌ಬುಕ್ ವಿಷಯ ಇಷ್ಟವಾಯಿತು. ಆದರೆ "ಸಣ್ಣಗೆ ಹೆಚ್ಚಿ" ಅಂತ ಹೇಳೋದು ಸುಲಭ ಅಲ್ವಾ? ನಿಯಮದ ಪ್ರಕಾರ ನೂರು ಮಕ್ಕಳವರೆಗೆ ಇಬ್ಬರೇ ಅಡುಗೆಯವರು. ನಮ್ಮಮ್ಮ ಮತ್ತು ಇನ್ನೊಬ್ಬ ಅಕ್ಕ ಸೇರಿ ಐದು ಕೆಜಿಗಿಂತ ಜಾಸ್ತಿ ತರಕಾರಿಯನ್ನು ಈಳಿಗೆ ಮಣೆಯಲ್ಲಿ ಹೆಚ್ಚಬೇಕು. ಜೊತೆಗೆ ಹಾಲು ಕಾಯಿಸಬೇಕು, ಅಕ್ಕಿ ಆರಿಸಬೇಕು, ಕೊನೆಗೆ ಪಾತ್ರೆ ತೊಳೆಯಬೇಕು. ಸಂಜೆ ಅಮ್ಮನ ಬೆರಳು ನೋಡಿದರೆ ಈಳಿಗೆಯ ಗೆರೆಗಳೇ ಇರುತ್ತವೆ. ಮೊದಲು ಒಂದು ದೊಡ್ಡ ತುರಿಮಣೆ, ಎರಡು ಹರಿತವಾದ ಚಾಕು ಕೊಡಿಸಿ. ಆಮೇಲೆ ಸಣ್ಣ ಹೋಳು ಕೇಳಿ.

ಬೇಳೆ ಬೇಯದೆ ತಳದಲ್ಲಿ ಕೂತರೆ ಅಡುಗೆಯವರನ್ನೇ ಬೈಯುತ್ತಾರೆ. ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಳೆ ಬೇಗ ಬೇಯೋದಿಲ್ಲ, ಹಳೇ ಬೇಳೆಯಾದರೆ ಇನ್ನೂ ಕಷ್ಟ. ಬೆಳಗ್ಗೆ ಬಂದ ತಕ್ಷಣ ನೆನೆಹಾಕಿದರೆ ಎಷ್ಟೋ ವಾಸಿ. ಅದಕ್ಕೆ ಸ್ಟೋರ್ ಕೋಣೆ ಬೀಗದ ಕೈ ಬೇಗ ಸಿಗಬೇಕು, ಅದು ನಿಮ್ಮ ಕೈಲಿದೆ ಸರ್.

ಆ ನೋಟ್‌ಬುಕ್ಕನ್ನು ಮೊದಲು ಅಡುಗೆಯವರಿಗೆ ಓದಿ ಹೇಳಿ, ಹೆಡ್ ಮೇಷ್ಟ್ರಿಗೆ ಆಮೇಲೆ. ಚೆನ್ನಾಗಿತ್ತು ಅಂತ ಮಕ್ಕಳು ಹೇಳಿದ್ದನ್ನೂ ಬರೆಸಿ. ಒಂದು ಸಲ ಮಕ್ಕಳು ಚಿತ್ರಾನ್ನ ಸೂಪರ್ ಅಂತ ಚೀಟಿ ಬರೆದು ಕೊಟ್ಟಿದ್ದರು. ಅಮ್ಮ ಅದನ್ನು ರೇಷನ್ ಕಾರ್ಡ್ ಜೊತೆ ಇಟ್ಟುಕೊಂಡಿದ್ದಾರೆ.

ಉತ್ತರ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಹಾಸನ

ನಮ್ಮಲ್ಲಿ ಕೈ ತೊಳೆದ ನೀರನ್ನು ಕಾಲುವೆ ಮಾಡಿ ನುಗ್ಗೆ, ಕರಿಬೇವಿನ ಗಿಡಕ್ಕೆ ಬಿಟ್ಟಿದ್ದೇವೆ. ಮಕ್ಕಳು ಸೊಪ್ಪು ಕಿತ್ತು ಬಿಡಿಸಿ ಕೊಡುತ್ತಾರೆ. ತಾವೇ ಬಿಡಿಸಿದ ಸೊಪ್ಪನ್ನು ಚೆಲ್ಲೋದು ಕಡಿಮೆ. ತುರಿಮಣೆಯಂಥದ್ದಕ್ಕೆ ಊರಲ್ಲಿ ಕೇಳಿದರೆ ಕೊಡೋರು ಸಿಗುತ್ತಾರೆ, ಸಂಕೋಚ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಅಡುಗೆ ಅಕ್ಕಂದಿರಿಗೆ ಏನು ಬೇಕು ಅಂತ ಮೊದಲು ಕೇಳಬೇಕು ಅನ್ನೋದು ಮನಸ್ಸಿಗೆ ನಾಟಿತು. ಇವತ್ತೇ ಕೇಳಿದೆ. ತುರಿಮಣೆಗಿಂತ ಮೊದಲು ಅವರು ಹೇಳಿದ್ದು ಅಡುಗೆ ಕೋಣೆಯ ಟ್ಯೂಬ್‌ಲೈಟ್. ಮೋಡ ಕವಿದ ದಿನ ಅಕ್ಕಿಯಲ್ಲಿ ಕಲ್ಲು ಕಾಣೋದಿಲ್ಲವಂತೆ. ಲೈಟ್ ನಾಳೆ ಹಾಕಿಸುತ್ತೇನೆ. ಬೀಗದ ಕೈಯ ಇನ್ನೊಂದು ಜೊತೆ ಅವರ ಹತ್ತಿರವೇ ಇರಲಿ ಅಂತ ಹೆಡ್ ಮೇಷ್ಟ್ರೂ ಒಪ್ಪಿದರು. ತುರಿಮಣೆ, ಚಾಕು ವಿಷಯ ಶನಿವಾರ ಎಸ್‌ಡಿಎಂಸಿ ಸಭೆಯಲ್ಲಿ ಬರುತ್ತದೆ. ಅಲ್ಲಿ ಮಾತಾಡೋದು ನಾನಲ್ಲ, ಆಹಾರ ಮಂತ್ರಿ. ಪಟ್ಟಿ ಬರೆಯೋಕೆ ಈಗಲೇ ಕೂತಿದ್ದಾಳೆ.