ಸಹಾಯ ಬೇಕು: ಎಡಿನ್‌ಬರಾ ಪುಸ್ತಕೋತ್ಸವಕ್ಕೆ ಎರಡು ಟಿಕೆಟ್

ಎಡಿನ್‌ಬರಾ ಕಡೆ ಇರೋ ಕನ್ನಡಿಗರೇ, ಆಗಸ್ಟ್ ಪುಸ್ತಕೋತ್ಸವದಲ್ಲಿ ನಡೆಯೋ, ಪತ್ತೇದಾರಿ ಕಾದಂಬರಿಕಾರ ಇಯಾನ್ ರ‍್ಯಾಂಕಿನ್ ಕಾರ್ಯಕ್ರಮಕ್ಕೆ ಯಾರ ಹತ್ರನಾದ್ರೂ ಎರಡು ಟಿಕೆಟ್ ಹೆಚ್ಚಿಗೆ ಇದೆಯಾ? ಬುಕಿಂಗ್ ದಿನ ಕಾರ್ಟ್‌ಗೆ ಹಾಕಿ ಬ್ಯಾಂಕಿನ ಓಟಿಪಿಗೆ ಕಾಯ್ತಾ ಕೂತೆ. ಅದು ಬರೋಷ್ಟರಲ್ಲಿ ಸೋಲ್ಡ್ ಔಟ್.

ಆಸೆ ನನಗಿಂತ ಅಪ್ಪಂದು. ಹುಬ್ಬಳ್ಳೀಲಿ ಪೊಲೀಸ್ ಕೆಲಸದಿಂದ ರಿಟೈರ್ ಆದವರು, ರ‍್ಯಾಂಕಿನ್ ಬರೆದ, ರೀಬಸ್ ಅನ್ನೋ ಪೊಲೀಸ್ ಪತ್ತೇದಾರನ 1987ರ ಮೊದಲ ಕಾದಂಬರಿಯಿಂದ ಹಿಡಿದು ಎಲ್ಲಾ ಓದಿದ್ದಾರೆ. ಇಲ್ಲಿಗೆ ಬಂದ ಮಾರನೇ ದಿನವೇ, ಕಥೇಲಿ ರೀಬಸ್ ಕುಡಿಯೋಕೆ ಹೋಗೋ ಯಂಗ್ ಸ್ಟ್ರೀಟ್‌ನ ಆಕ್ಸ್‌ಫರ್ಡ್ ಬಾರ್ ಬಾಗಿಲಲ್ಲಿ ಫೋಟೋ ತೆಗೆಸಿಕೊಂಡ್ರು, ಒಳಗೆ ಮಾತ್ರ ಬರಲಿಲ್ಲ (ಶ್ರಾವಣ ಅಂತೆ!).

ಯಾರಾದ್ರೂ ವಾಪಸ್ ಕೊಟ್ಟ ಟಿಕೆಟ್ ಅದೇ ದಿನ ಕೌಂಟರಲ್ಲಿ ಸಿಗುತ್ತಾ? ಎಷ್ಟೊತ್ತಿಗೆ ಹೋಗಬೇಕು? ಟಿಕೆಟ್ ಇಲ್ಲದವರನ್ನ ಹಸ್ತಾಕ್ಷರದ ಸಾಲಿಗೆ ಬಿಡ್ತಾರಾ? ಅಪ್ಪನಿಗೆ ಮಂಡಿನೋವು, ತುಂಬಾ ಹೊತ್ತು ನಿಲ್ಲೋಕಾಗಲ್ಲ. ಟಿಕೆಟ್ ದುಡ್ಡಿನ ಜೊತೆ ಅಮ್ಮ ತಂದಿರೋ ಧಾರವಾಡ ಪೇಡಾನೂ ಕೊಡ್ತೀನಿ.