ಅಪ್‌ಡೇಟ್: ಕೊನೆಗೂ ಮಾರ್ಕ್ಸ್ ಕಾರ್ಡ್ ಕೈಗೆ ಬಂತು!

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಕೆಲಸ ಬಿಡ್ತೀನಿ ಅಂದಿದ್ದಕ್ಕೆ ಆಸ್ಪತ್ರೆಯವರು 'ಬಾಂಡ್ ಇದೆ, ದುಡ್ಡು ಕಟ್ಟು' ಅಂತ ನನ್ನ ಒರಿಜಿನಲ್ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾರ್ಕ್ಸ್ ಕಾರ್ಡ್ ಇಟ್ಕೊಂಡಿದ್ದಾರೆ, ಏನು ಮಾಡ್ಲಿ ಅಂತ. ಅದರ ಮುಂದಿನ ಕಥೆ ಇದು.

'ನಯವಾಗಿ ಮಾತಾಡಿ ನೋಡಿ' ಅಂದವರ ಮಾತು ಮೊದಲು ಕೇಳಿದೆ. ನೈಟ್ ಡ್ಯೂಟಿ ಮುಗಿಸಿ, ಯೂನಿಫಾರ್ಮ್‌ನಲ್ಲೇ ಎಚ್‌ಆರ್ ರೂಮಿನ ಮುಂದೆ ಎರಡು ಗಂಟೆ ತೂಕಡಿಸಿದ್ದೇ ಬಂತು. ಕಳೆದುಹೋಗಿದೆ ಅಂತ ಡೂಪ್ಲಿಕೇಟ್‌ಗೆ ಅರ್ಜಿ ಹಾಕೋದು? ಪೊಲೀಸರಿಗೆ ಸುಳ್ಳು ಬರೆದುಕೊಡೋಕೆ ಧೈರ್ಯ ಬರಲಿಲ್ಲ.

ಉಪಯೋಗಕ್ಕೆ ಬಂದಿದ್ದು, 'ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಮ್ಮ' ಅಂದ ಅಕ್ಕನ ಸಲಹೆ. ಹೆಣ್ಮಕ್ಕಳಿಗೆ ಸಂಬಳ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತವಂತೆ. ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ನೋಟಿಸ್ ಹೋದ ಐದನೇ ದಿನಕ್ಕೆ ಆಸ್ಪತ್ರೆಯಿಂದಲೇ ಫೋನ್. ರಿಸೆಪ್ಶನ್‌ನಲ್ಲಿ ಒಂದು ಕಂದು ಕವರ್ ಕೊಟ್ಟರು, ಮೇಲೆ ನನ್ನ ಹೆಸರೂ ತಪ್ಪು. ಇರಲಿ ಬಿಡಿ.

ಇನ್ನೊಂದು ವಿಷಯ. ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೆ (ನರ್ಸಿಂಗ್ ಆಫೀಸರ್ ನೇಮಕಾತಿಯದ್ದು) ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಮೊದಲು ನಾನಿದ್ದ ಊರಿನ ನರ್ಸಿಂಗ್ ಹೋಮ್‌ನಲ್ಲಿದ್ದದ್ದೇ 20 ಹಾಸಿಗೆ, ಅಲ್ಲಿ ಸವೆಸಿದ ಒಂದೂವರೆ ವರ್ಷ ನೀರಲ್ಲಿ ಹೋಮ! ಪುಣ್ಯಕ್ಕೆ ಈಗ ಬಿಟ್ಟ ಆಸ್ಪತ್ರೆಯಲ್ಲಿ ಎರಡು ವರ್ಷ ಮೂರು ತಿಂಗಳಾಗಿತ್ತು. ಎಕ್ಸ್‌ಪೀರಿಯೆನ್ಸ್ ಲೆಟರ್‌ನಲ್ಲಿ ಹಾಸಿಗೆ ಸಂಖ್ಯೆ ಇಲ್ಲದ್ದು ನೋಡಿ, ಕೌಂಟರ್ ಬಿಟ್ಟು ಕದಲದೆ ಮತ್ತೆ ಬರೆಸಿಕೊಂಡೆ. ನೀವೂ ಅಲ್ಲೇ ಓದಿ ನೋಡಿ.