ಕೆನಡಾ ಸ್ಪೌಸ್ ಸ್ಪಾನ್ಸರ್‌ಶಿಪ್: ಮದುವೆಯಾಗಿ ಜೊತೆಗಿದ್ದದ್ದು ಮೂರೇ ವಾರ, ದಾಖಲೆ ಹೇಗೆ ಜೋಡಿಸೋದು?

ತುಂಗಾತೀರ (ಪ್ರಶ್ನೆ)

ಗಂಡ ಕೆನಡಾದ ಪಿಆರ್ (ಕಾಯಂ ನಿವಾಸಿ), ಮಿಸ್ಸಿಸಾಗಾದಲ್ಲಿ ಕೆಲಸ. ಹೆಂಡತಿ ಶಿವಮೊಗ್ಗದಲ್ಲಿ, ಗಂಡನೇ ಸ್ಪಾನ್ಸರ್ ಆಗಿ ಅವರನ್ನು ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳೋ ಅರ್ಜಿ ಹಾಕಬೇಕು. ಮನೆಯವರು ನೋಡಿ ಮಾಡಿದ ಮದುವೆ. ಕಲ್ಯಾಣ ಮಂಟಪದಲ್ಲಿ ಧಾರೆ, ಅದಾದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಮೂರು ವಾರಕ್ಕೆ ಗಂಡ ವಾಪಸ್. ಜಂಟಿ ಖಾತೆ ಇಲ್ಲ, ಇಬ್ಬರ ಹೆಸರಲ್ಲಿ ಬಾಡಿಗೆ ಕರಾರೂ ಇಲ್ಲ. ಗೊತ್ತಿದ್ದವರು ಹೇಳಿ:

ಸಂಬಂಧ ನಿಜ ಅಂತ ತೋರಿಸೋಕೆ ಏನೇನು ಹಾಕಬೇಕು? ವಾಟ್ಸಾಪ್ ಚಾಟ್ ಪೂರ್ತಿ ಪ್ರಿಂಟ್ ಮಾಡಬೇಕಾ? ಅದೆಲ್ಲ ಕನ್ನಡದಲ್ಲೇ ಇದೆ. ಹೆಂಡತಿ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಮದುವೆ ಸರ್ಟಿಫಿಕೇಟ್‌ನಲ್ಲಿ ಇನಿಷಿಯಲ್ ಸಮೇತ ಹೆಸರಿದೆ. ತೊಂದರೆ ಆಗುತ್ತಾ? ಪೊಲೀಸ್ ಸರ್ಟಿಫಿಕೇಟು, ಮೆಡಿಕಲ್ಲು ಈಗಲೇ ಮಾಡಿಸಿಡೋದಾ?

ಕಡತ_ಪ್ರಿಯ

ಮೊದಲು ಐಎಂಎಂ 5533 ಡೌನ್‌ಲೋಡ್ ಮಾಡಿಕೊಳ್ಳಿ. ಅದು ಕೆನಡಾ ವಲಸೆ ಇಲಾಖೆಯ ಚೆಕ್‌ಲಿಸ್ಟ್. ಏಜೆಂಟರು ಕೊಡುವ ಪಟ್ಟಿಗಿಂತ ಅದೇ ನಂಬಿಕಸ್ಥ. ಫೋಟೋ ಗರಿಷ್ಠ 20, ಪರಸ್ಪರ ಸಂಪರ್ಕದ ಸಾಕ್ಷಿ ಗರಿಷ್ಠ 10 ಪುಟ ಅಂತ ಅದರಲ್ಲೇ ಬರೆದಿದೆ. ಮುನ್ನೂರು ಪುಟ ಚಾಟ್ ತುಂಬಿದರೆ ಓದುವವರು ಯಾರೂ ಇಲ್ಲ.

ಆ 10 ಪುಟ ಹೀಗೆ ಮಾಡಿ: ಮಾತುಕತೆ ಶುರುವಾದ ತಿಂಗಳಿಂದ ಅರ್ಜಿ ಹಾಕುವ ತಿಂಗಳವರೆಗೆ ಪ್ರತಿ ತಿಂಗಳಿಗೆ ಒಂದೆರಡು ಸ್ಕ್ರೀನ್‌ಶಾಟ್, ದಿನಾಂಕ ಕಾಣುವ ಹಾಗೆ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಒಂದೆರಡು ಪುಟ ಸಾಕು. ಚಾಟ್‌ನಲ್ಲಿ 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ಬೇಡ. ಮಂಟಪ ಬುಕ್ ಮಾಡಿದ್ದು, ಸೀರೆ ಆರಿಸಿದ್ದು, ಅತ್ತೆಯ ಆಸ್ಪತ್ರೆ ವಿಚಾರ, ಟಿಕೆಟ್ ದರ, ಇಂಥ ಸಂಸಾರದ ಮಾತಿಗೆ ತೂಕ ಜಾಸ್ತಿ.

ಫೋಟೋದಲ್ಲಿ ಎಲ್ಲರೂ ಮಾಡುವ ತಪ್ಪು ಇಪ್ಪತ್ತಕ್ಕೆ ಇಪ್ಪತ್ತೂ ಧಾರೆಯದ್ದೇ ಹಾಕೋದು. ನಿಶ್ಚಿತಾರ್ಥ, ಧಾರೆ, ಸಪ್ತಪದಿ, ಆರತಕ್ಷತೆ ಸೇರಿ ಎಂಟೊಂಬತ್ತು. ಉಳಿದದ್ದು ಮದುವೆಯಾದ ಮೇಲಿನದ್ದು: ಹೆಣ್ಣಿನ ಮನೆ, ಗಂಡಿನ ಮನೆ, ಊರು ಸುತ್ತಿದ್ದು, ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟದ್ದು. ಪ್ರತಿ ಫೋಟೋ ಕೆಳಗೆ ದಿನಾಂಕ, ಜಾಗ, ಎಡದಿಂದ ಬಲಕ್ಕೆ ಯಾರ್ಯಾರು. ಎರಡೂ ಕಡೆಯ ತಂದೆತಾಯಿ ಕಾಣುವ ಫೋಟೋ ಖಂಡಿತ ಇರಲಿ. ಸಂಬಂಧದ ವಿವರ ಕೇಳುವ ಐಎಂಎಂ 5532 ಫಾರ್ಮ್‌ನಲ್ಲಿ ಮದುವೆಗೆ ಯಾರು ಬಂದಿದ್ದರು ಅಂತ ಕೇಳುತ್ತಾರೆ. ಅಲ್ಲಿ 'ತಂದೆತಾಯಿ ಬಂದಿದ್ದರು' ಅಂತ ಬರೆದು ಫೋಟೋದಲ್ಲಿ ಅವರು ಕಾಣದಿದ್ದರೆ ಅನುಮಾನ ಬರೋದು ಸಹಜ.

ಜಂಟಿ ಖಾತೆ ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಬೇರೆ ದೇಶದಲ್ಲಿರುವ ಜೋಡಿಗೆ ಅದು ಇರೋದು ಅಪರೂಪ. ಅದರ ಬದಲು: ಗಂಡನ ಕಂಪನಿ ಇನ್ಶೂರೆನ್ಸ್‌ನಲ್ಲಿ ಹೆಂಡತಿ ಹೆಸರು ಸೇರಿಸಿದ ಪತ್ರ, ಜೀವವಿಮೆ ಅಥವಾ ಪಿಎಫ್ ನಾಮಿನಿ ಬದಲಾವಣೆ, ಹಣ ಕಳಿಸಿದ ರಸೀದಿ, ಗಂಡ ಬಂದುಹೋದ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆ, ಮಂಟಪದ ರಸೀದಿ, ಫೋಟೋಗ್ರಾಫರ್ ಬಿಲ್. ನೆಂಟರ ಪತ್ರಗಳಿಗೆ ನಾನು ಹೆಚ್ಚು ಬೆಲೆ ಕೊಡೋದಿಲ್ಲ. ಹತ್ತು ಜನರ ಪತ್ರ ಒಂದೇ ಧಾಟಿಯಲ್ಲಿದ್ದರೆ ಒಬ್ಬರೇ ಟೈಪ್ ಮಾಡಿದ್ದು ಅಂತ ಎದ್ದು ಕಾಣುತ್ತೆ.

ಲೆಕ್ಕಪತ್ರ

ಪತ್ರದ ಬಗ್ಗೆ ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಮದುವೆ ಮಾತು ತಂದ ಸಂಬಂಧಿಕರದ್ದು ಒಂದೇ ಒಂದು ಪತ್ರ, ಅದೂ ಇವರಿಬ್ಬರನ್ನು ಹೇಗೆ ಪರಿಚಯ ಮಾಡಿಸಿದರು, ಯಾವ ದಿನ ನೋಡೋಕೆ ಹೋದರು ಅಂತ ಸ್ಪಷ್ಟವಾಗಿ ಬರೆದದ್ದು ಇದ್ದರೆ ಉಪಯೋಗ ಇದೆ. ಅರೇಂಜ್ಡ್ ಮದುವೆಯಲ್ಲಿ ಪರಿಚಯದ ದಾರಿ ತೋರಿಸೋಕೆ ಬೇರೆ ಕಾಗದ ಸಿಗೋದು ಕಷ್ಟ.

ನಾನು ಹೇಳಬೇಕೆಂದಿದ್ದು ದಿನಾಂಕದ ವಿಚಾರ. ತಿರಸ್ಕಾರಗಳಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗೋದು ಕೆನಡಾ ವಲಸೆ ನಿಯಮಾವಳಿಯ 4(1)ನೇ ನಿಯಮ. ಮದುವೆ ಮುಖ್ಯವಾಗಿ ವಲಸೆಗಾಗಿಯೇ ಆದದ್ದಾಗಿರಬಾರದು, ಮತ್ತು ಸಂಬಂಧ ಅಸಲಿ ಆಗಿರಬೇಕು. ಎರಡರಲ್ಲಿ ಒಂದು ಎಡವಿದರೂ ಅರ್ಜಿ ಬಿದ್ದಂತೆ. ದಿನಾಂಕಗಳು ಒಂದಕ್ಕೊಂದು ಹೊಂದದಿದ್ದರೆ ಅಧಿಕಾರಿ ಕೈ ಇಡೋದು ಅಲ್ಲೇ.

ಕರ್ನಾಟಕದ ಹಿಂದೂ ವಿವಾಹ ನೋಂದಣಿ ಪತ್ರದಲ್ಲಿ ಮದುವೆಯ ದಿನ, ನೋಂದಣಿಯ ದಿನ ಎರಡೂ ಇರುತ್ತವೆ. ಎಲ್ಲ ಫಾರ್ಮ್‌ಗಳಲ್ಲೂ ಧಾರೆಯಾದ ದಿನವನ್ನೇ ಮದುವೆ ದಿನ ಅಂತ ಹಾಕಿ. ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಮದುವೆ ಆಗೋದು 7ನೇ ಸೆಕ್ಷನ್ನಿನ ಶಾಸ್ತ್ರದಿಂದ. 8ನೇ ಸೆಕ್ಷನ್ನಿನ ನೋಂದಣಿ ಅದಕ್ಕೆ ಪುರಾವೆ ಅಷ್ಟೇ. 'ವೀಸಾಕ್ಕೆ ಬೇಗ ಆಗಲಿ' ಅಂತ ಮೊದಲು ನೋಂದಣಿ, ಆರು ತಿಂಗಳ ಮೇಲೆ ಮಂಟಪ ಅಂತ ಮಾಡುವವರಿಗೆ ಎಚ್ಚರಿಕೆ: ಶಾಸ್ತ್ರವೇ ಆಗದೆ ಬರೀ ನೋಂದಣಿ ಮಾಡಿಸಿದರೆ ಅದು ಈ ಕಾಯ್ದೆಯಡಿ ಮದುವೆಯಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮೊದಲೇ ಕಾಗದ ಬೇಕಿದ್ದರೆ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ಆಗಬೇಕು. ವರ ಆನ್‌ಲೈನ್‌ನಲ್ಲಿದ್ದು ವಧು ಇಲ್ಲಿ ಕೂತು ಆಗುವ ಮದುವೆ 2015ರ ಜೂನ್‌ನಿಂದ ಕೆನಡಾಗೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಕಡೆ ಬಹಳ ಜನ ಮುಗ್ಗರಿಸುತ್ತಾರೆ. ಮದುವೆಯಾದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ ಗಂಡ ಕೆನಡಾ ರೆವಿನ್ಯೂ ಏಜೆನ್ಸಿಗೆ, ಅಂದರೆ ಅಲ್ಲಿನ ತೆರಿಗೆ ಇಲಾಖೆಗೆ, ವೈವಾಹಿಕ ಸ್ಥಿತಿ ಬದಲಾವಣೆ ತಿಳಿಸಬೇಕು (ಅವರ ಆನ್‌ಲೈನ್ ಖಾತೆ ಮೈ ಅಕೌಂಟ್‌ನಲ್ಲಿ, ಇಲ್ಲವೇ ಆರ್‌ಸಿ65 ಫಾರ್ಮ್). ಸ್ಪಾನ್ಸರ್ ಆಗಿ ತೆರಿಗೆ ನೋಟಿಸ್ ಆಫ್ ಅಸೆಸ್‌ಮೆಂಟ್ ಲಗತ್ತಿಸುತ್ತೀರಿ. ಮದುವೆಯಾದ ವರ್ಷದ ರಿಟರ್ನ್‌ನಲ್ಲಿ 'ಸಿಂಗಲ್' ಅಂತಿದ್ದರೆ ನಿಮ್ಮ ಕಡತವೇ ನಿಮಗೆ ವಿರುದ್ಧ ಸಾಕ್ಷಿ ಹೇಳುತ್ತೆ.

ಆದಾಯದ ಬಗ್ಗೆ: ಹೆಂಡತಿ ಒಬ್ಬರನ್ನೇ ಕರೆಸಿಕೊಳ್ಳೋಕೆ ಕನಿಷ್ಠ ಆದಾಯದ ಮಿತಿ ಇಲ್ಲ. ಆದರೆ ಅಂಗವೈಕಲ್ಯದ ಕಾರಣ ಬಿಟ್ಟು ಬೇರೆ ಸರ್ಕಾರಿ ಸಹಾಯಧನದ ಮೇಲಿರಬಾರದು, ಮೂರು ವರ್ಷದ ಹೊಣೆ ಬರೆದುಕೊಡಬೇಕು. ಪಿಆರ್ ಆಗಿರೋದರಿಂದ ಕೆನಡಾದಲ್ಲೇ ವಾಸ ಇರಲೇಬೇಕು. ಸ್ಪಾನ್ಸರ್ ಮಾಡಿ ಊರಿಗೆ ಬಂದು ಕೂರುವ ಹಾಗಿಲ್ಲ. ಗಂಡ ಕ್ವಿಬೆಕ್‌ನಲ್ಲಿದ್ದಿದ್ದರೆ ಪ್ರಾಂತ್ಯದ್ದೇ ಬೇರೆ ಪ್ರಕ್ರಿಯೆ ಇತ್ತು. ಮಿಸ್ಸಿಸಾಗಾಗೆ ಆ ರಗಳೆ ಇಲ್ಲ.

ಅನುವಾದದ_ಅಂಗಡಿ

ಹೆಸರು ಮತ್ತು ಭಾಷೆ ಬಗ್ಗೆ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಇರುವ ಹೆಸರು ಪೂರ್ತಿ 'ಫ್ಯಾಮಿಲಿ ನೇಮ್' ಕಾಲಂಗೆ ಹೋಗುತ್ತೆ, 'ಗಿವನ್ ನೇಮ್' ಖಾಲಿ ಬಿಡಬೇಕು. ವಿಚಿತ್ರ ಅನಿಸಿದರೂ ಅದೇ ನಿಯಮ. ಗಂಡನ ಹೆಸರನ್ನು ನೀವೇ ಸರ್‌ನೇಮ್ ಮಾಡಿ ತುಂಬಬೇಡಿ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆ. ಮದುವೆಯಾದ ಮಾತ್ರಕ್ಕೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸುವ ಅಗತ್ಯವೂ ಇಲ್ಲ.

ಇನಿಷಿಯಲ್ ವ್ಯತ್ಯಾಸಕ್ಕೆ ಎರಡೂ ಹೆಸರು ಒಬ್ಬರದ್ದೇ ಅಂತ ಹೇಳುವ ಅಫಿಡವಿಟ್ ಒಂದು, ನೋಟರಿ ಮುಂದೆ. ಅದರಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಮದುವೆ ಪತ್ರ ನಾಲ್ಕರಲ್ಲೂ ಹೆಸರು ಹೇಗೆ ಮುದ್ರಣವಾಗಿದೆಯೋ ಹಾಗೇ ಬರೆದು, ಇನಿಷಿಯಲ್ ಊರಿನದ್ದೋ ತಂದೆಯದ್ದೋ ವಿವರಿಸಿ. ಹಿಂದೆ ಬಳಸಿದ ಹೆಸರುಗಳನ್ನು ಕೇಳುವ ಜಾಗದಲ್ಲೂ ಇನಿಷಿಯಲ್ ರೂಪ ಹಾಕಿ.

ಇಂಗ್ಲಿಷ್ ಅಥವಾ ಫ್ರೆಂಚ್ ಅಲ್ಲದ ಪ್ರತಿಯೊಂದು ಕಾಗದಕ್ಕೂ ಮೂರು ಬೇಕು: ಮೂಲದ ಪ್ರತಿ, ಅನುವಾದ, ಅನುವಾದಕರ ಅಫಿಡವಿಟ್. ಮನೆಯವರು ಅನುವಾದಿಸುವಂತಿಲ್ಲ, ಇಂಗ್ಲಿಷ್ ಲೆಕ್ಚರರ್ ಆಗಿದ್ದರೂ. ಲಗ್ನಪತ್ರಿಕೆಗೂ ಇದೇ. ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಿದ ಕನ್ನಡ ಚಾಟ್ ಕೂಡ ಕನ್ನಡವೇ. ಲಿಪಿ ನೋಡಿ 'ಇದು ಇಂಗ್ಲಿಷ್ ತಾನೇ' ಅಂತ ಹಾಗೇ ಕಳಿಸುತ್ತಾರೆ, ಓದುವವರಿಗೆ ಏನೂ ತಿಳಿಯೋದಿಲ್ಲ. ಆ 10 ಪುಟಕ್ಕೆ ಇಂಗ್ಲಿಷ್ ಹೆಚ್ಚು ಬೆರೆತ ದಿನಗಳನ್ನೇ ಆರಿಸಿದರೆ ಅನುವಾದದ ಖರ್ಚು ಕಡಿಮೆ.

ತುಂಗಾತೀರ

ತುಂಬ ಉಪಯೋಗ ಆಯ್ತು. ಪೊಲೀಸ್ ಸರ್ಟಿಫಿಕೇಟು, ಮೆಡಿಕಲ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಟೇಷನ್‌ನಲ್ಲಿ ಬರೆಸಿಕೊಂಡರೆ ಸಾಕಾ? ಹೆಂಡತಿ ಡಿಗ್ರಿ ಮುಗಿಸಿ ಎರಡು ವರ್ಷ ಮನೇಲಿ ಓದಿಕೊಂಡಿದ್ದರು, ಅದನ್ನ ಎಲ್ಲಿ ತೋರಿಸೋದು?

ಕಡತ_ಪ್ರಿಯ

ಸ್ಟೇಷನ್‌ನದ್ದು ನಡೆಯೋಲ್ಲ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಅರ್ಜಿ ಹಾಕಿ, ದೇಶ ಕೆನಡಾ ಅಂತ ಆರಿಸಿ, ₹500 ಕಟ್ಟಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಈಗಿನ ವಿಳಾಸ ಪಾಸ್‌ಪೋರ್ಟ್‌ಗಿಂತ ಬೇರೆ ಇದ್ದರೆ ಪೊಲೀಸ್ ಪರಿಶೀಲನೆಗೆ ಹೋಗಿ ತಡವಾಗಬಹುದು. ವಾಸವಿರುವ ದೇಶದ ಪಿಸಿಸಿ ಅರ್ಜಿ ಸಲ್ಲಿಸುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಹಾಗಾಗಿ ಉಳಿದದ್ದೆಲ್ಲ ಸಿದ್ಧವಾದ ಮೇಲೆ ಮಾಡಿಸಿ. 18 ತುಂಬಿದ ಮೇಲೆ, ಕಳೆದ 10 ವರ್ಷದಲ್ಲಿ, ಬೇರೆ ಯಾವುದೇ ದೇಶದಲ್ಲಿ ಸತತ 6 ತಿಂಗಳು ಇದ್ದಿದ್ದರೆ ಅಲ್ಲಿಯದ್ದೂ ಬೇಕು.

ಮೆಡಿಕಲ್‌ಗೆ ವಲಸೆ ಇಲಾಖೆಯಿಂದ ಪತ್ರ ಬರುವವರೆಗೆ ಕಾಯಿರಿ. ಫಲಿತಾಂಶ 12 ತಿಂಗಳು ಮಾತ್ರ ಊರ್ಜಿತ, ಬೇಗ ಮಾಡಿಸಿದರೆ ಮತ್ತೆ ಮಾಡಿಸಬೇಕಾಗಬಹುದು. ಅವರ ಪಟ್ಟಿಯಲ್ಲಿರುವ ಪ್ಯಾನೆಲ್ ವೈದ್ಯರ ಬಳಿಯೇ ಆಗಬೇಕು, ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಅಲ್ಲ. ಬಯೋಮೆಟ್ರಿಕ್ಸ್ (ಬೆರಳಚ್ಚು, ಫೋಟೋ) ಕೂಡ ಪತ್ರ ಬಂದ ಮೇಲೆ, ಬೆಂಗಳೂರಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರದಲ್ಲಿ.

ಮನೇಲಿ ಓದಿದ ಎರಡು ವರ್ಷ ಷೆಡ್ಯೂಲ್ ಎ (ಐಎಂಎಂ 5669) ಫಾರ್ಮ್‌ಗೆ ಹೋಗುತ್ತೆ. ಹತ್ತು ವರ್ಷದ್ದು, ಅಥವಾ 18 ತುಂಬಿದಾಗಿನಿಂದ, ತಿಂಗಳು ತಿಂಗಳಾಗಿ ಬಿಡುವಿಲ್ಲದೆ ತುಂಬಬೇಕು. 'ಕೆಲಸ ಇಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ, ಶಿವಮೊಗ್ಗ' ಅಂತ ಇದ್ದದ್ದನ್ನೇ ಬರೆಯಿರಿ. ಕೆಲಸ ಇಲ್ಲದ್ದು ಅಪರಾಧ ಅಲ್ಲ, ಖಾಲಿ ಬಿಟ್ಟ ತಿಂಗಳೇ ಸಮಸ್ಯೆ. ಹಾಸ್ಟೆಲ್ ವಿಳಾಸ ಮರೆಯಬೇಡಿ. ಕುಟುಂಬದವರ ವಿವರ ಕೇಳುವ ಐಎಂಎಂ 5406ರಲ್ಲಿ ತೀರಿಕೊಂಡ ಅಣ್ಣತಮ್ಮ, ಅಕ್ಕತಂಗಿಯರ ಹೆಸರೂ ಬರಬೇಕು. ಸಹಿ ಅಥವಾ ಕಡ್ಡಾಯ ಕಾಗದ ಒಂದು ಬಿಟ್ಟುಹೋದರೂ ಅರ್ಜಿಯನ್ನು ಅಪೂರ್ಣ ಅಂತ ಇಡಿಯಾಗಿ ವಾಪಸ್ ಕಳಿಸುತ್ತಾರೆ.

ಪಿಆರ್ ಫೋಟೋ 50 × 70 ಮಿ.ಮೀ., ಗಲ್ಲದಿಂದ ನೆತ್ತಿಗೆ 31ರಿಂದ 36 ಮಿ.ಮೀ. ನಮ್ಮೂರ ಸ್ಟುಡಿಯೋದಲ್ಲಿ 'ಪಾಸ್‌ಪೋರ್ಟ್ ಸೈಜ್' ಅಂದರೆ ಕೊಡುವುದೇ ಬೇರೆ ಅಳತೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಲೆಕ್ಕಪತ್ರ

ಶುಲ್ಕ ಸೇರಿಸುತ್ತೇನೆ. 2024ರ ಏಪ್ರಿಲ್ 30ರ ದರದಂತೆ ಸ್ಪಾನ್ಸರ್‌ಶಿಪ್ 85, ಪ್ರಕ್ರಿಯೆ 545, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,205 ಕೆನಡಿಯನ್ ಡಾಲರ್, ಬಯೋಮೆಟ್ರಿಕ್ಸ್‌ಗೆ ಮತ್ತೆ 85 ಇತ್ತು. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನವೇ ಜಾಲತಾಣದಲ್ಲಿ ನೋಡಿ. ಪಿಆರ್ ಹಕ್ಕಿನ ಶುಲ್ಕವನ್ನೂ ಜೊತೆಗೇ ಕಟ್ಟಿದರೆ ಕೊನೆಯಲ್ಲಿ ಅದಕ್ಕಾಗಿ ಕಾಯೋದು ತಪ್ಪುತ್ತೆ.

ಐಎಂಎಂ 1344 (ಸ್ಪಾನ್ಸರ್ ಆಗುವವರ ಅರ್ಜಿ) ಮತ್ತು 5532 ಬ್ರೌಸರ್‌ನಲ್ಲಿ ತೆರೆಯೋದಿಲ್ಲ. ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲಿ ತುಂಬಬೇಕು. ಆನ್‌ಲೈನ್ ಅರ್ಜಿಯಲ್ಲಿ ಅಪ್‌ಲೋಡ್ ಮಾಡುವ ಒಂದೊಂದು ಜಾಗಕ್ಕೂ ಒಂದೇ ಫೈಲ್, ಆದ್ದರಿಂದ ಸಂಬಂಧದ ಸಾಕ್ಷಿಯೆಲ್ಲ ಒಂದೇ ಪಿಡಿಎಫ್. ಮೊದಲ ಪುಟದಲ್ಲಿ ಪುಟಸಂಖ್ಯೆ ಸಮೇತ ಪರಿವಿಡಿ, ಎರಡನೆಯದರಲ್ಲಿ ನೋಡಿದ ದಿನ, ನಿಶ್ಚಿತಾರ್ಥ, ಧಾರೆ, ನೋಂದಣಿ, ಗಂಡ ಬಂದ–ಹೋದ ದಿನಗಳ ಪಟ್ಟಿ. ಆ ಪಟ್ಟಿ ಮುಂದಿಟ್ಟುಕೊಂಡೇ ಗಂಡ ಅಲ್ಲಿ, ಹೆಂಡತಿ ಇಲ್ಲಿ ಫಾರ್ಮ್ ತುಂಬಲಿ.